ಮುಳುಗುಗಾರನ ರೆಗ್ಯುಲೇಟರ್: ಆಯ್ಕೆ ಮತ್ತು ಕಾರ್ಯಕ್ಷಮತೆಯ ಅಂಕಿಗಳು

ಅಡುಗೆ ಅನಿಲದ ಸಿಲಿಂಡರಿನ ತಲೆಯ ಮೇಲೆ ಕೂರುವ ರೆಗ್ಯುಲೇಟರನ್ನು ಕಾಣದವರು ನಮ್ಮ ನಗರಗಳಲ್ಲಿ ವಿರಳ. ಸಿಲಿಂಡರಿನೊಳಗೆ ಹೆಚ್ಚಿನ ಒತ್ತಡದಲ್ಲಿರುವ ಅನಿಲವನ್ನು ಒಲೆಗೆ ಬೇಕಾದ ಅಲ್ಪ ಒತ್ತಡಕ್ಕೆ ಇಳಿಸಿಕೊಡುವುದು ಅದರ ಕೆಲಸ. ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರಿಗೂ ಇಂತಹುದೇ ಒಂದು ಉಪಕರಣ ಬೇಕು. ಅದರ ಹೆಸರೂ ರೆಗ್ಯುಲೇಟರೇ. ಆದರೆ ಎರಡರ ಹೊಣೆಯಲ್ಲಿ ದೊಡ್ಡ ಅಂತರವಿದೆ. ಒಲೆಗೆ ಕೊಡಬೇಕಾದ ಒತ್ತಡ ಎಂದಿಗೂ ಒಂದೇ. ಮುಳುಗುಗಾರನ ರೆಗ್ಯುಲೇಟರಾದರೋ ಅವನು ಕೆಳಗಿಳಿದ ಪ್ರತಿಯೊಂದು ಮೀಟರಿಗೂ ತಾನು ಕೊಡುವ ಗಾಳಿಯ ಒತ್ತಡವನ್ನು ಬದಲಿಸಿಕೊಳ್ಳಬೇಕು. ಅವನು ಉಸಿರೆಳೆದ ಕ್ಷಣದಲ್ಲಿ ಮಾತ್ರ ಗಾಳಿ ಕೊಟ್ಟು, ಎಳೆಯುವುದನ್ನು ನಿಲ್ಲಿಸಿದ ಕ್ಷಣದಲ್ಲಿ ತಾನೂ ನಿಲ್ಲಬೇಕು. ಒಲೆಗೆ ಅನಿಲ ಬರುವುದು ನಿಂತರೆ ಅಡುಗೆ ತಡವಾಗುತ್ತದೆ. ಇಲ್ಲಿ ಗಾಳಿ ನಿಂತರೆ ಕಾಯಲು ಸಮಯವಿರುವುದಿಲ್ಲ.

ನಮ್ಮ ದೇಶದಲ್ಲಿ ಸಿಲಿಂಡರ್ ಕಟ್ಟಿ ನೀರಿನೊಳಗೆ ಕೆಲಸ ಮಾಡುವುದು ಬಹುಕಾಲ ನೌಕಾಪಡೆಯವರ, ಬಂದರಿನ ಕೆಲಸಗಾರರ ಮತ್ತು ಸಂಶೋಧಕರ ವಿದ್ಯೆಯಾಗಿತ್ತು. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ ಪುರಾತತ್ವಜ್ಞ ಎಸ್. ಆರ್. ರಾವ್ ಅವರು 1980ರ ದಶಕದಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ದ್ವಾರಕೆಯ ಸಮುದ್ರತಳದ ಶೋಧನೆಯನ್ನು ನಡೆಸಿದಾಗ, ಆ ಕಾರ್ಯ ಸಾಧ್ಯವಾದದ್ದು ಮುಳುಗುಗಾರರಿಂದಲೇ. ಇಂದು ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪ, ಗೋವಾ, ಪುದುಚೇರಿ, ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ಮುಂತಾದ ಕಡೆಗಳಲ್ಲಿ ಸಾಮಾನ್ಯ ನಾಗರಿಕರೂ ತರಬೇತಿ ಪಡೆದು ಮುಳುಗುತ್ತಿದ್ದಾರೆ. ಮೊದಮೊದಲು ಎಲ್ಲರೂ ಬಾಡಿಗೆಯ ಉಪಕರಣಗಳನ್ನೇ ಬಳಸುವರು. ಹವ್ಯಾಸ ಗಟ್ಟಿಯಾದ ಮೇಲೆ ಸ್ವಂತದ್ದೊಂದು ರೆಗ್ಯುಲೇಟರ್ ಬೇಕೆನಿಸುತ್ತದೆ. ಆಗ ಎದುರಾಗುವುದು ಮಾರಾಟದ ಪಟ್ಟಿ ಮತ್ತು ಅದರಲ್ಲಿ ಸಾಲುಸಾಲಾಗಿ ಅಚ್ಚಾದ ಅಂಕಿಗಳು. ಆ ಅಂಕಿಗಳಲ್ಲಿ ಯಾವುದು ಜೀವಕ್ಕೆ ಸಂಬಂಧಿಸಿದ್ದು, ಯಾವುದು ಕೇವಲ ಅಲಂಕಾರ ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ತರಬೇತಿಗೆ ಇದು ಬದಲಿಯಲ್ಲ ಎಂಬುದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು.

ಆಳದಲ್ಲಿ ಗಾಳಿಯ ಸ್ಥಿತಿ

ಭೂಮಿಯ ಮೇಲೆ ವಾತಾವರಣವು ನಮ್ಮ ಮೇಲೆ ಹೇರುವ ಒತ್ತಡ ಸುಮಾರು 1 ಬಾರ್. ಸಮುದ್ರದ ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಹೆಚ್ಚುಕಡಿಮೆ ಇನ್ನೊಂದು ಬಾರ್ ಕೂಡಿಕೊಳ್ಳುತ್ತದೆ. ಅಂದರೆ 10 ಮೀಟರಿನಲ್ಲಿ 2 ಬಾರ್, 30 ಮೀಟರಿನಲ್ಲಿ 4 ಬಾರ್. ಎದೆಯ ಮೇಲೆ ಇಷ್ಟು ಒತ್ತಡ ಬಿದ್ದಿರುವಾಗ ಅಷ್ಟೇ ಒತ್ತಡದ ಗಾಳಿಯನ್ನು ಬಾಯಿಗೆ ತಂದುಕೊಟ್ಟರೆ ಮಾತ್ರ ಶ್ವಾಸಕೋಶ ಹಿಗ್ಗಬಲ್ಲದು. ಮೇಲ್ಮೈಯಿಂದ ಉದ್ದನೆಯ ಕೊಳವೆಯೊಂದನ್ನು ಇಳಿಬಿಟ್ಟು ಆಳದಲ್ಲಿ ಉಸಿರಾಡಬಹುದೆಂದು ಮಕ್ಕಳು ಊಹಿಸುವುದುಂಟು. ಒಂದು ಮೀಟರಿಗಿಂತ ಆಳಕ್ಕೆ ಹೋಗುವ ಮೊದಲೇ ಎದೆಯ ಸ್ನಾಯುಗಳು ಸೋಲುತ್ತವೆ.

ಒತ್ತಡ ಹೆಚ್ಚಿದಂತೆ ಗಾಳಿ ದಟ್ಟವಾಗುತ್ತದೆ. 30 ಮೀಟರಿನಲ್ಲಿ ಎಳೆದ ಒಂದು ಲೀಟರ್ ಉಸಿರಿನಲ್ಲಿ ಮೇಲ್ಮೈಯ ನಾಲ್ಕು ಲೀಟರಿನಷ್ಟು ಗಾಳಿ ಅಡಕವಾಗಿರುತ್ತದೆ. ಇದರಿಂದ ಎರಡು ಪರಿಣಾಮಗಳುಂಟು. ಮೊದಲನೆಯದು, ಸಿಲಿಂಡರ್ ಬೇಗ ಬರಿದಾಗುತ್ತದೆ. 11 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಗಾಳಿ ತುಂಬಿದರೆ ಸುಮಾರು 2200 ಲೀಟರ್ ಆಯಿತು. ತುರ್ತಿಗೆಂದು 50 ಬಾರ್ ಉಳಿಸಿಕೊಂಡರೆ ಬಳಸಲು ಸಿಗುವುದು 1650 ಲೀಟರ್. ನಿರಾತಂಕವಾಗಿ ಈಜುವವನು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆಂದು ಇಟ್ಟುಕೊಂಡರೂ 30 ಮೀಟರಿನಲ್ಲಿ ಅದು 80 ಲೀಟರಾಗುತ್ತದೆ. ಇಳಿಯುವ ಏರುವ ಲೆಕ್ಕವನ್ನು ಬಿಟ್ಟರೂ ಇಪ್ಪತ್ತು ನಿಮಿಷಕ್ಕೆ ಗಾಳಿ ಮುಗಿಯಿತು. ಎರಡನೆಯ ಪರಿಣಾಮ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ನಮ್ಮ ವಿಷಯಕ್ಕೆ ಅದೇ ಮುಖ್ಯ. ನಾಲ್ಕು ಪಟ್ಟು ದಟ್ಟವಾದ ಗಾಳಿ ಕಿರಿದಾದ ದ್ವಾರಗಳ ಮೂಲಕ ಸುಲಭವಾಗಿ ಹರಿಯುವುದಿಲ್ಲ. ದಡದ ಮೇಲೆ ಹಗುರವಾಗಿ ಗಾಳಿ ಕೊಟ್ಟ ಯಂತ್ರವೇ ಆಳದಲ್ಲಿ ಬಿಗಿಯೆನಿಸಬಹುದು.

ಯಂತ್ರದ ಎರಡು ಹಂತಗಳು

ಬೇಡಿದಾಗ ಮಾತ್ರ ಗಾಳಿ ಕೊಡುವ ಕವಾಟದ ಕಲ್ಪನೆ ಹೊಸದಲ್ಲ. ಫ್ರಾನ್ಸಿನ ಬೆನ್ವಾ ರುಕೆರೋಲ್ ಮತ್ತು ಒಗ್ಯುಸ್ತ್ ದೆನೆರೂಜ್ ಎಂಬುವರು 1860ರ ದಶಕದಲ್ಲೇ ಇದನ್ನು ರೂಪಿಸಿದ್ದರು. ಆದರೆ ಹೆಚ್ಚು ಒತ್ತಡವನ್ನು ತಡೆಯುವ ಸಿಲಿಂಡರುಗಳು ಅಂದು ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ ವಾಹನಗಳನ್ನು ಇತರ ಅನಿಲಗಳಿಂದ ಓಡಿಸಬೇಕಾಗಿ ಬಂದಾಗ ಎಂಜಿನಿಯರ್ ಎಮಿಲ್ ಗಾನ್ಯಾನ್ ಅದಕ್ಕಾಗಿ ಒಂದು ಕವಾಟವನ್ನು ಸಿದ್ಧಪಡಿಸಿದ್ದರು. ನೌಕಾಧಿಕಾರಿ ಜಾಕ್ ಈವ್ ಕುಸ್ತೋ ಅವರೊಡನೆ ಸೇರಿ ಅದನ್ನೇ ನೀರಿಗೆ ಒಗ್ಗಿಸಿದರು. 1943ರಲ್ಲಿ ಉಪಕರಣ ಸಿದ್ಧವಾಯಿತು. ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ನಿರಾಶೆ ತಂದಿತು ಎಂಬ ಸಂಗತಿ ಇಲ್ಲಿ ನೆನೆಯತಕ್ಕದ್ದು. ಕುಸ್ತೋ ಅಡ್ಡಲಾಗಿ ಈಜಿದಾಗ ಎಲ್ಲವೂ ಸರಿ. ನೆಟ್ಟಗೆ ನಿಂತರೆ ಗಾಳಿ ತಾನೇ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಉಸಿರು ಕಟ್ಟುತ್ತಿತ್ತು. ಗಾಳಿ ಹೊರಹೋಗುವ ದ್ವಾರ ಮತ್ತು ಒಳಬರುವ ಕವಾಟ ಒಂದರಿಂದ ಇನ್ನೊಂದು ಕೆಲವೇ ಅಂಗುಲ ದೂರದಲ್ಲಿದ್ದುದು ಇದಕ್ಕೆ ಕಾರಣ. ಎರಡನ್ನೂ ಒಂದೇ ಮಟ್ಟಕ್ಕೆ ತಂದಾಗ ತೊಂದರೆ ನೀಗಿತು. ಕೆಲವೇ ಅಂಗುಲ ನೀರಿನ ಒತ್ತಡ, ಅಂದರೆ ಒಂದು ಬಾರಿನ ನೂರರಲ್ಲಿ ಒಂದೆರಡು ಪಾಲು, ಉಸಿರಿನ ಸುಖವನ್ನೂ ಕಷ್ಟವನ್ನೂ ನಿರ್ಧರಿಸಬಲ್ಲದು ಎಂಬುದನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಅಂಕಿಗಳು ತಾವಾಗಿ ಅರ್ಥವಾಗುತ್ತವೆ.

ಇಂದಿನ ರೆಗ್ಯುಲೇಟರಿನಲ್ಲಿ ಎರಡು ಭಾಗಗಳಿವೆ. ಸಿಲಿಂಡರಿಗೆ ಬಿಗಿಯುವ ಲೋಹದ ಭಾಗಕ್ಕೆ ಮೊದಲ ಹಂತವೆಂದು ಹೆಸರು. ಅದು 200 ಬಾರ್ ಗಾಳಿಯನ್ನು ಸುತ್ತಲ ನೀರಿನ ಒತ್ತಡಕ್ಕಿಂತ ಸುಮಾರು 8ರಿಂದ 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಇದನ್ನು ಮಧ್ಯಂತರ ಒತ್ತಡ ಎನ್ನಬಹುದು. ಅಲ್ಲಿಂದ ರಬ್ಬರಿನ ಕೊಳವೆಯ ಮೂಲಕ ಗಾಳಿ ಬಾಯಲ್ಲಿ ಕಚ್ಚಿಕೊಂಡಿರುವ ಎರಡನೆಯ ಹಂತಕ್ಕೆ ಬರುತ್ತದೆ. ಅದರೊಳಗೆ ತೆಳುವಾದ ರಬ್ಬರಿನ ಪೊರೆಯೊಂದಿದೆ. ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ ಒಂದು ಸನ್ನೆಯನ್ನು ಒತ್ತುತ್ತದೆ, ಸನ್ನೆಯು ಕವಾಟವನ್ನು ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಉಸಿರು ಬಿಟ್ಟಾಗ ಪೊರೆ ಹಿಂದಕ್ಕೆ ಸರಿದು ಕವಾಟ ಮುಚ್ಚುತ್ತದೆ, ಬಿಟ್ಟ ಗಾಳಿ ಬೇರೊಂದು ರಬ್ಬರಿನ ತೆರೆಯ ಮೂಲಕ ಗುಳ್ಳೆಗಳಾಗಿ ನೀರಿಗೆ ಸೇರುತ್ತದೆ. ಪೊರೆಯ ಹೊರಮೈಗೆ ನೀರು ತಾಗಿಕೊಂಡಿರುವುದರಿಂದ ಆಳದ ಒತ್ತಡವನ್ನು ಯಂತ್ರ ತಾನಾಗಿಯೇ ಅರಿಯುತ್ತದೆ. ಎರಡನೆಯ ಹಂತದ ಕವಾಟವನ್ನು ಸಾಮಾನ್ಯವಾಗಿ ಗಾಳಿ ಹರಿಯುವ ದಿಕ್ಕಿನಲ್ಲೇ ತೆರೆಯುವಂತೆ ಕೂರಿಸಿರುತ್ತಾರೆ. ಮೊದಲ ಹಂತ ಕೆಟ್ಟು ಮಧ್ಯಂತರ ಒತ್ತಡ ಏರಿದರೆ ಈ ಕವಾಟ ಬಿಗಿದುಕೊಳ್ಳುವ ಬದಲು ತೆರೆದುಕೊಂಡು ಗಾಳಿಯನ್ನು ಸುರಿಸುತ್ತದೆ. ಗಾಳಿ ವ್ಯರ್ಥವಾಗುತ್ತದೆ, ಆದರೆ ಮುಳುಗುಗಾರನಿಗೆ ಉಸಿರು ಸಿಗುತ್ತಲೇ ಇರುತ್ತದೆ. ಇಷ್ಟು ವಿವೇಕದಿಂದ ಕೆಡುವ ಯಂತ್ರಗಳು ಹೆಚ್ಚಿಲ್ಲ.

ಮೊದಲ ಹಂತದಲ್ಲಿ ಪಿಸ್ಟನ್ ಮಾದರಿ, ಪೊರೆಯ ಮಾದರಿ ಎಂಬ ಎರಡು ವಿಧಗಳಿವೆ. ಪಿಸ್ಟನ್ ಮಾದರಿಯಲ್ಲಿ ಚಲಿಸುವ ಭಾಗಗಳು ಕಡಿಮೆ. ಪೊರೆಯ ಮಾದರಿಯಲ್ಲಿ ಒಳಗಿನ ಭಾಗಗಳಿಗೆ ಉಪ್ಪುನೀರು, ಮರಳು, ಕೆಸರು ತಾಗುವುದಿಲ್ಲ. ಯಾವುದು ಮೇಲು ಎಂಬ ವಾದ ಮುಳುಗುಗಾರರ ನಡುವೆ ದಶಕಗಳಿಂದ ನಡೆದಿದೆ. ಕೊಳ್ಳುವವರು ಅದರಲ್ಲಿ ಹೆಚ್ಚು ಕಾಲ ಕಳೆಯಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದ ಭೇದ ಸಮತೋಲಿತ ಮತ್ತು ಅಸಮತೋಲಿತ ಎಂಬುದು. ಅಸಮತೋಲಿತ ರಚನೆಯಲ್ಲಿ ಸಿಲಿಂಡರಿನ ಒತ್ತಡವು ಕವಾಟದ ಮೇಲೆ ನೇರವಾಗಿ ಬೀಳುತ್ತದೆ. ಆದ್ದರಿಂದ ಸಿಲಿಂಡರ್ ಬರಿದಾಗುತ್ತ ಬಂದಂತೆ ಮಧ್ಯಂತರ ಒತ್ತಡವೂ ಬದಲಾಗುತ್ತದೆ. ಅಸಮತೋಲಿತ ಪಿಸ್ಟನ್ ಮಾದರಿಯಲ್ಲಿ ಅದು ಇಳಿಯುತ್ತದೆ, ಉಸಿರೆಳೆಯುವುದು ಕಷ್ಟವಾಗುತ್ತದೆ. ಸಮತೋಲಿತ ರಚನೆಯಲ್ಲಿ ಕವಾಟದ ಮೇಲಿನ ಬಲಗಳು ಒಂದನ್ನೊಂದು ತೊಡೆದುಹಾಕುವುದರಿಂದ 200 ಬಾರಿನಲ್ಲಿ ಹೇಗೋ 50 ಬಾರಿನಲ್ಲೂ ಹಾಗೆಯೇ ಗಾಳಿ ಬರುತ್ತದೆ. ಹದಿನೆಂಟು ಮೀಟರಿಗಿಂತ ಕೆಳಗೆ ಹೋಗದವರಿಗೆ ಅಸಮತೋಲಿತ ಪಿಸ್ಟನ್ ಯಂತ್ರ ಸಾಕಾದೀತು. ಅದು ಅಗ್ಗ, ಗಟ್ಟಿ, ರಿಪೇರಿಗೆ ಸುಲಭ. ಬಾಡಿಗೆಗೆ ಕೊಡುವವರು ಅದನ್ನು ಮೆಚ್ಚುವುದಕ್ಕೆ ಕಾರಣ ಇದೇ.

ಜಾಹೀರಾತು ಹೇಳುವ ಅಂಕಿಗಳು

ಮಾರಾಟದ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹರಿವಿನ ಪ್ರಮಾಣ: ನಿಮಿಷಕ್ಕೆ ಇಷ್ಟು ಸಾವಿರ ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಸಾವಿರಗಟ್ಟಲೆ ಲೀಟರ್ ಏಕೆ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿ ನೋಡೋಣ. 50 ಮೀಟರ್ ಆಳದಲ್ಲಿ, 6 ಬಾರ್ ಒತ್ತಡದಲ್ಲಿ, ಮೈಮುರಿದು ಕೆಲಸ ಮಾಡುವ ಮುಳುಗುಗಾರನೊಬ್ಬ ನಿಮಿಷಕ್ಕೆ 25 ಸಲ, ಸಲಕ್ಕೆ ಎರಡೂವರೆ ಲೀಟರಿನಂತೆ ಉಸಿರೆಳೆಯುತ್ತಾನೆಂದು ಭಾವಿಸಿದರೆ ಒಟ್ಟು 62.5 ಲೀಟರ್. ಆದರೆ ಉಸಿರು ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಅರ್ಧ ಕಾಲ ಬಿಡುವುದರಲ್ಲೇ ಕಳೆಯುತ್ತದೆ. ಎಳೆಯುವ ಅರ್ಧದಲ್ಲೂ ಹರಿವು ಸೊನ್ನೆಯಿಂದ ಏರಿ, ನಡುವೆ ಶಿಖರ ಮುಟ್ಟಿ, ಮತ್ತೆ ಇಳಿಯುತ್ತದೆ. ಅಲೆಯಾಕಾರದ ಇಂತಹ ಉಸಿರಿನ ಶಿಖರವು ಸರಾಸರಿಯ ಸುಮಾರು 3.14 ಪಟ್ಟು ಇರುತ್ತದೆಂದು ಗಣಿತ ತಿಳಿಸುತ್ತದೆ. ಹಾಗಾಗಿ ಶಿಖರದ ಹರಿವು 196 ಲೀಟರ್. ಅದನ್ನು 6 ಬಾರಿನಿಂದ ಗುಣಿಸಿದರೆ ಮೇಲ್ಮೈಯ ಅಳತೆಯಲ್ಲಿ ನಿಮಿಷಕ್ಕೆ ಸುಮಾರು 1180 ಲೀಟರ್ ವೇಗವಾಯಿತು. ಇಬ್ಬರು ಒಂದೇ ಮೊದಲ ಹಂತದಿಂದ ಒಂದೇ ಕ್ಷಣದಲ್ಲಿ ಉಸಿರೆಳೆದರೆ ಇದರ ಎರಡರಷ್ಟು.

ಹೀಗೆ ದೊಡ್ಡ ಅಂಕಿಗೆ ಅರ್ಥವಿಲ್ಲದೆ ಇಲ್ಲ. ಆದರೆ ಒಂದು ಮಿತಿಯನ್ನು ದಾಟಿದ ಮೇಲೆ ಇನ್ನೂ ದೊಡ್ಡ ಅಂಕಿಯಿಂದ ಲಾಭವೂ ಇಲ್ಲ. ಜೊತೆಗೆ ಈ ಹರಿವನ್ನು ಅಳೆಯುವುದು ಸಾಮಾನ್ಯವಾಗಿ ಮೊದಲ ಹಂತದ ದ್ವಾರದಲ್ಲಿ, ತುಂಬಿದ ಸಿಲಿಂಡರಿನೊಡನೆ. ಬಾಯಿಯವರೆಗೆ ಎಷ್ಟು ತಲುಪುತ್ತದೆ, ಎಷ್ಟು ಕಷ್ಟದಿಂದ ತಲುಪುತ್ತದೆ ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ.

ಎರಡನೆಯದು ಕವಾಟ ತೆರೆಯಲು ಬೇಕಾದ ಎಳೆತ. ಇದನ್ನು ನೀರಿನ ಎತ್ತರದಲ್ಲಿ ಅಳೆಯುವರು. ಒಂದು ಮಿಲಿಬಾರ್ ಎಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ನೀರು. ಇದರ ಅನುಭವಕ್ಕೆ ಎಳನೀರು ಕುಡಿಯುವ ಕೊಳವೆ ಸಾಕು. ಕೊಳವೆಯಲ್ಲಿ ನೀರನ್ನು ಎರಡು ಬೆರಳಷ್ಟು ಮೇಲಕ್ಕೆಳೆಯುವ ಶ್ರಮ ಸುಮಾರು 3 ಮಿಲಿಬಾರ್. ಒಳ್ಳೆಯ ರೆಗ್ಯುಲೇಟರಿನ ಕವಾಟ ಇಷ್ಟು ಎಳೆತಕ್ಕೆ ತೆರೆಯುತ್ತದೆ. ಅಂಗಡಿಯಲ್ಲಿ ನಿಂತು ಬಾಯಿಗಿಟ್ಟು ಎಳೆದು ನೋಡಿ 'ಎಷ್ಟು ಹಗುರ' ಎಂದು ಮೆಚ್ಚುವುದು ಈ ಗುಣವನ್ನೇ. ಆದರೆ ಇದು ಉಸಿರಿನ ಆರಂಭದ ಒಂದು ಕ್ಷಣದ ಅಳತೆ ಮಾತ್ರ. ಬಾಗಿಲು ಹಗುರವಾಗಿ ತೆರೆಯುತ್ತದೆ ಎಂದ ಮಾತ್ರಕ್ಕೆ ಒಳಗಿನ ದಾರಿ ಅಗಲವಾಗಿರಬೇಕೆಂದಿಲ್ಲ. ಮಿತಿಮೀರಿ ಹಗುರಗೊಳಿಸಿದ ಕವಾಟ ಪ್ರವಾಹಕ್ಕೆ ಎದುರಾಗಿ ಈಜುವಾಗ, ಅಥವಾ ಬಾಯಿಂದ ಜಾರಿ ಮೇಲ್ಮುಖವಾಗಿ ನಿಂತಾಗ, ತಾನೇ ತೆರೆದುಕೊಂಡು ಗಾಳಿ ಸುರಿಸುವುದೂ ಉಂಟು. ಕೆಲವು ಮಾದರಿಗಳಲ್ಲಿ ಈ ಎಳೆತವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಲು ತಿರುಪು ಇರುತ್ತದೆ. ಉಪಯುಕ್ತವಾದುದೇ, ಆದರೆ ಅದೊಂದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಉಸಿರಾಟದ ಶ್ರಮ

ಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ, ಕೆಲವೊಮ್ಮೆ ಅಚ್ಚೇ ಆಗಿರದ ಒಂದು ಅಂಕಿ ಇದೆ. ಅದೇ ಉಸಿರಾಟದ ಶ್ರಮ. ಅಳತೆ, ಲೀಟರಿಗೆ ಇಷ್ಟು ಜೂಲ್. ಈ ಲೇಖಕನ ಅಭಿಪ್ರಾಯದಲ್ಲಿ ಉಳಿದ ಅಂಕಿಗಳೆಲ್ಲವನ್ನೂ ಬಿಟ್ಟು ಇದೊಂದನ್ನು ತಿಳಿದುಕೊಂಡರೂ ನಷ್ಟವಿಲ್ಲ.

ಪರೀಕ್ಷಾಲಯದಲ್ಲಿ ರೆಗ್ಯುಲೇಟರನ್ನು ಒತ್ತಡದ ಕೋಣೆಯೊಂದರಲ್ಲಿ ನೀರಿನೊಳಗಿಟ್ಟು, ಮನುಷ್ಯನ ಬದಲು ಉಸಿರಾಡುವ ಯಂತ್ರಕ್ಕೆ ಜೋಡಿಸುವರು. ಪ್ರತಿ ಉಸಿರಿನಲ್ಲೂ ಎಷ್ಟು ಗಾಳಿ ಚಲಿಸಿತು, ಬಾಯಿಯ ಬಳಿ ಎಷ್ಟು ಒತ್ತಡವಿತ್ತು ಎಂಬುದನ್ನು ದಾಖಲಿಸಿ ನಕ್ಷೆ ಬರೆಯುವರು. ಉಚ್ಛ್ವಾಸದ ಗೆರೆ ಒಂದು ಕಡೆ ಬಾಗಿ, ನಿಶ್ವಾಸದ ಗೆರೆ ಇನ್ನೊಂದು ಕಡೆ ಬಾಗಿ, ಎರಡೂ ಸೇರಿ ಒಂದು ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗಿನ ವಿಸ್ತೀರ್ಣವೇ ಶ್ರಮ. ಕುಣಿಕೆ ತೆಳುವಾಗಿದ್ದಷ್ಟೂ ಯಂತ್ರ ಒಳ್ಳೆಯದು. ಲೀಟರಿಗೆ ಒಂದು ಜೂಲ್ ಎಂದರೆ, ಎಳೆಯುವ ಮತ್ತು ಬಿಡುವ ಸರಾಸರಿ ಒತ್ತಡಗಳು ಕೂಡಿ 10 ಮಿಲಿಬಾರ್ ಎಂದು ಲೆಕ್ಕ. ಬಿಡುವ ಶ್ರಮವೂ ಇದರಲ್ಲಿ ಸೇರಿದೆ ಎಂಬುದನ್ನು ಗಮನಿಸಬೇಕು. ಉಸಿರು ಹೊರಹೋಗುವ ರಬ್ಬರಿನ ತೆರೆ ಚಿಕ್ಕದಾಗಿದ್ದರೆ ಎಳೆಯುವುದೆಷ್ಟು ಸುಲಭವಿದ್ದರೂ ಪ್ರಯೋಜನವಿಲ್ಲ. ಜಾಹೀರಾತಿನಲ್ಲಿ ಆ ತೆರೆಯ ಮಾತು ಬರುವುದು ಕಡಿಮೆ.

ಯುರೋಪಿನ ಇ.ಎನ್. 250 ಎಂಬ ಮಾನದಂಡವು ಈ ಪರೀಕ್ಷೆಯನ್ನು ನಿಗದಿಗೊಳಿಸಿದೆ. ಮೇಲೆ ನಾವು ಲೆಕ್ಕಕ್ಕೆ ತೆಗೆದುಕೊಂಡ 50 ಮೀಟರ್ ಆಳ, ನಿಮಿಷಕ್ಕೆ 62.5 ಲೀಟರ್ ಉಸಿರು ಎಂಬುವು ಆ ಮಾನದಂಡದ ಷರತ್ತುಗಳೇ. ಇದರೊಡನೆ ಸಿಲಿಂಡರಿನ ಒತ್ತಡವನ್ನು 50 ಬಾರಿಗೆ ಇಳಿಸಿಟ್ಟು ಪರೀಕ್ಷಿಸುವರು. ಅಂದರೆ ಆಳ ಹೆಚ್ಚು, ದುಡಿಮೆ ಹೆಚ್ಚು, ಗಾಳಿ ಮುಗಿಯುತ್ತಿದೆ. ಮೂರು ಸಂಕಟಗಳೂ ಒಟ್ಟಿಗೆ. ಆ ಸ್ಥಿತಿಯಲ್ಲೂ ಶ್ರಮ ಲೀಟರಿಗೆ 3 ಜೂಲನ್ನು ಮೀರಬಾರದು. ಎಳೆಯುವಾಗಲಾಗಲಿ ಬಿಡುವಾಗಲಾಗಲಿ ಒತ್ತಡ 25 ಮಿಲಿಬಾರನ್ನು ದಾಟಬಾರದು. 25 ಮಿಲಿಬಾರ್ ಎಂದರೆ 25 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಎಳನೀರನ್ನು ಬಾಯಿಗೆ ತರುವಷ್ಟು ಎಳೆತ. ಒಂದು ಗುಟುಕಿಗೆ ಅದು ಏನೂ ಅಲ್ಲ. ನಿಮಿಷಕ್ಕೆ ಇಪ್ಪತ್ತೈದು ಸಲ, ಪ್ರತಿ ಉಸಿರಿಗೂ, ಪ್ರವಾಹದ ಎದುರು ಕಾಲು ಬಡಿಯುತ್ತ ಹಾಗೆ ಎಳೆಯಬೇಕಾದರೆ ಅದೇ ಬೇರೆ ಮಾತು.

ಇಂದಿನ ಉತ್ತಮ ಯಂತ್ರಗಳು ಈ ಪರೀಕ್ಷೆಯಲ್ಲಿ ಮಿತಿಗಿಂತ ಬಹಳ ಕೆಳಗೆ, ಸುಮಾರು ಒಂದು ಜೂಲಿನ ಆಸುಪಾಸಿನಲ್ಲಿ ನಿಲ್ಲುತ್ತವೆ. 0.8ಕ್ಕೂ 0.9ಕ್ಕೂ ಇರುವ ವ್ಯತ್ಯಾಸ ಯಾವ ಮುಳುಗುಗಾರನ ಅನುಭವಕ್ಕೂ ಬರುವುದಿಲ್ಲ, 1ಕ್ಕೂ 2.5ಕ್ಕೂ ಇರುವುದು ಖಂಡಿತವಾಗಿ ಬರುತ್ತದೆ. ಹೋಲಿಸುವಾಗ ಎರಡೂ ಅಂಕಿಗಳು ಒಂದೇ ಆಳ, ಒಂದೇ ಉಸಿರಾಟದ ವೇಗ, ಒಂದೇ ಸಿಲಿಂಡರ್ ಒತ್ತಡದಲ್ಲಿ ಅಳೆದವೇ ಎಂಬುದನ್ನು ವಿಚಾರಿಸಬೇಕು. ಷರತ್ತುಗಳನ್ನು ಹೇಳದ ಅಂಕಿಗೆ ಬೆಲೆ ಕೊಡಬೇಕಾಗಿಲ್ಲ.

ಈ ಶ್ರಮಕ್ಕೆ ಇಷ್ಟು ಮಹತ್ವವೇಕೆ? ಉಸಿರಾಟ ಕಷ್ಟವಾದಾಗ ಮನುಷ್ಯನು ತನಗರಿವಿಲ್ಲದೆ ಉಸಿರನ್ನು ಮೊಟಕುಗೊಳಿಸುತ್ತಾನೆ. ಆಮ್ಲಜನಕದ ಕೊರತೆಯಾಗುವುದಿಲ್ಲ, ಏಕೆಂದರೆ ಆಳದ ದಟ್ಟ ಗಾಳಿಯಲ್ಲಿ ಅದು ಬೇಕಾದಷ್ಟಿದೆ. ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಮಾತ್ರ ರಕ್ತದಲ್ಲಿ ಉಳಿದುಬಿಡುತ್ತದೆ. ಅದು ಹೆಚ್ಚಿದಂತೆ ಏದುಸಿರು, ತಲೆನೋವು, ಗಲಿಬಿಲಿ, ಕೊನೆಗೆ ದಿಗಿಲು. ಆಳದಲ್ಲಿ ಸಾರಜನಕವು ಉಂಟುಮಾಡುವ ಮಂಪರನ್ನೂ ಅದು ಹೆಚ್ಚಿಸುತ್ತದೆ. ಹೆಚ್ಚು ಉಸಿರಾಡಬೇಕೆನಿಸುತ್ತದೆ, ಹೆಚ್ಚು ಎಳೆದಷ್ಟೂ ಶ್ರಮ ಹೆಚ್ಚುತ್ತದೆ, ಶ್ರಮದಿಂದ ಇನ್ನಷ್ಟು ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ಸಿಲಿಂಡರಿನಲ್ಲಿ ಗಾಳಿ ಇದ್ದೂ ಗಾಳಿ ಸಾಲದೆಂಬ ಭಾವನೆಯಿಂದ ಮುಳುಗುಗಾರ ಮೇಲ್ಮೈಗೆ ಧಾವಿಸಿದರೆ ಶ್ವಾಸಕೋಶಕ್ಕೆ ಅಪಾಯ ತಪ್ಪಿದ್ದಲ್ಲ. ಏದುಸಿರು ಕಂಡೊಡನೆ ಕೆಲಸ ನಿಲ್ಲಿಸಿ, ಏನನ್ನಾದರೂ ಹಿಡಿದು ನಿಂತು, ನಿಧಾನವಾಗಿ ದೀರ್ಘವಾಗಿ ಉಸಿರು ಬಿಡಬೇಕು. ನಂತರ ಜೊತೆಗಾರನೊಡನೆ ಮೆಲ್ಲನೆ ಮೇಲೇರಬೇಕು.

ಎಷ್ಟೇ ಬೆಲೆಯ ಯಂತ್ರವಾದರೂ ದಟ್ಟ ಗಾಳಿ ಮುಳುಗುಗಾರನ ಸ್ವಂತ ಶ್ವಾಸನಾಳಗಳಲ್ಲಿ ಹರಿಯುವಾಗ ಆಗುವ ಘರ್ಷಣೆಯನ್ನು ಕಡಿಮೆ ಮಾಡಲಾರದು. ಗ್ಯಾವಿನ್ ಆಂಟನಿ ಮತ್ತು ಸೈಮನ್ ಮಿಚೆಲ್ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉಸಿರಾಡುವ ಅನಿಲದ ಸಾಂದ್ರತೆ ಲೀಟರಿಗೆ 5.2 ಗ್ರಾಮಿನೊಳಗೆ ಇರುವುದು ಉತ್ತಮ, 6.2 ಗ್ರಾಮನ್ನು ಮೀರಬಾರದು. ಸಾಧಾರಣ ಗಾಳಿ ಮೊದಲ ಮಿತಿಯನ್ನು ಸುಮಾರು 30 ಮೀಟರಿನಲ್ಲಿ, ಎರಡನೆಯದನ್ನು 40 ಮೀಟರಿಗೆ ಸ್ವಲ್ಪ ಮೊದಲೇ ಮುಟ್ಟುತ್ತದೆ. ಹವ್ಯಾಸಿಗಳಿಗೆ 40 ಮೀಟರೇ ಕೊನೆಯ ಗಡಿ ಎಂದು ತರಬೇತಿ ಸಂಸ್ಥೆಗಳು ವಿಧಿಸಿರುವುದರೊಡನೆ ಇದು ಚೆನ್ನಾಗಿ ಹೊಂದುತ್ತದೆ.

ಕೊಳ್ಳುವ ಮುನ್ನ

ಇ.ಎನ್. 250 ಗುರುತಿನ ಪಕ್ಕದಲ್ಲಿ ಏನಿದೆ ಎಂಬುದನ್ನು ನೋಡಬೇಕು. 2014ರ ಪರಿಷ್ಕರಣೆಯ ನಂತರ ಈ ಗುರುತಿನೊಡನೆ 'ಎ' ಅಕ್ಷರವಿದ್ದರೆ, ತುರ್ತು ಸಮಯದಲ್ಲಿ ಇಬ್ಬರು ಒಟ್ಟಿಗೆ ಉಸಿರಾಡುವುದಕ್ಕೂ ಆ ಯಂತ್ರ ಪರೀಕ್ಷೆಗೊಂಡಿದೆ ಎಂದರ್ಥ. ಆ ಬಳಕೆಗೆ ಮಾನದಂಡ ಹಾಕಿರುವ ಮಿತಿ 30 ಮೀಟರ್ ಆಳ. ಇದಕ್ಕಾಗಿಯೇ ಹಳದಿ ಬಣ್ಣದ ಇನ್ನೊಂದು ಎರಡನೆಯ ಹಂತವನ್ನು ಮುಳುಗುಗಾರರು ಒಯ್ಯುತ್ತಾರೆ. ಎಂಟು ಕಾಲಿನ ಪ್ರಾಣಿಯಂತೆ ಕೊಳವೆಗಳು ಕಾಣುವುದರಿಂದ ಅದಕ್ಕೆ ಆಕ್ಟೋಪಸ್ ಎಂದು ಹೆಸರು ಬಂದಿದೆ. ತನಗೆ ಉತ್ತಮವಾದುದನ್ನು ಕೊಂಡು ಆಕ್ಟೋಪಸನ್ನು ಮಾತ್ರ ಅತಿ ಅಗ್ಗದ್ದನ್ನು ಆರಿಸುವ ರೂಢಿ ಸರಿಯಲ್ಲ. ಅದನ್ನು ಬಾಯಿಗಿಡುವವನು ಆ ಹೊತ್ತಿಗೆ ಗಾಳಿಯಿಲ್ಲದೆ ತತ್ತರಿಸುತ್ತಿರುತ್ತಾನೆ. ಅವನ ಉಸಿರು ಪರೀಕ್ಷಾಲಯದ 62.5 ಲೀಟರಿಗಿಂತ ಕಡಿಮೆ ಇರಲಾರದು.

ಗುರುತಿನಲ್ಲಿ '10 ಡಿಗ್ರಿಗಿಂತ ಹೆಚ್ಚು' ಎಂದಿದ್ದರೆ ಅದು ತಣ್ಣೀರಿಗೆ ಹೊಂದುವುದಿಲ್ಲ. ಗಾಳಿ 200 ಬಾರಿನಿಂದ ಒಮ್ಮೆಲೇ ಹಿಗ್ಗಿದಾಗ ತೀವ್ರವಾಗಿ ತಂಪಾಗುತ್ತದೆ. ಚಳಿದೇಶದ ಸರೋವರಗಳಲ್ಲಿ ಮೊದಲ ಹಂತದ ಸುತ್ತಲಿನ ನೀರು ಹೆಪ್ಪುಗಟ್ಟಿ ಕವಾಟ ತೆರೆದೇ ಉಳಿಯಬಹುದು. ಅದನ್ನು ತಡೆಯಲು ಹೊರಕೋಣೆಯನ್ನು ಮುಚ್ಚಿದ ಮಾದರಿಗಳಿವೆ, ಅವುಗಳ ಬೆಲೆಯೂ ಹೆಚ್ಚು. ಅಂಡಮಾನಿನ ಅಥವಾ ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಈ ಭಯವಿಲ್ಲ. ಮಳೆಗಾಲದ ನಂತರದ ಕದಡಿದ ನೀರಿನಲ್ಲಿ ಮುಚ್ಚಿದ ಕೋಣೆ ಕೆಸರನ್ನು ದೂರವಿಡುತ್ತದೆ ಎಂಬ ಲಾಭ ಮಾತ್ರ ಉಂಟು.

ಸಿಲಿಂಡರಿಗೆ ಜೋಡಿಸುವ ರೀತಿ ಎರಡು. ಒಂದು, ಕವಾಟದ ಸುತ್ತ ಕೂತು ತಿರುಪಿನಿಂದ ಬಿಗಿಯುವ ನೊಗದ ಮಾದರಿ. ಇದು 232 ಬಾರಿನವರೆಗೆ. ಇನ್ನೊಂದು, ಕವಾಟದೊಳಕ್ಕೆ ತಿರುಗಿಸಿ ಕೂರಿಸುವ ಡಿನ್ ಮಾದರಿ. ಇದರಲ್ಲಿ ರಬ್ಬರಿನ ಉಂಗುರ ಒಳಗೆ ಸೆರೆಯಾಗಿ ಕೂರುವುದರಿಂದ ಸೋರಿಕೆ ಕಡಿಮೆ, 300 ಬಾರಿನವರೆಗಿನ ಸಿಲಿಂಡರುಗಳಿಗೂ ದೊರೆಯುತ್ತದೆ. ಗುಣದಲ್ಲಿ ಡಿನ್ ಮೇಲು. ಆದರೆ ತಾವು ಹೋಗುವ ಕಡೆಯ ಸಿಲಿಂಡರುಗಳು ಯಾವ ಬಗೆಯವು ಎಂದು ವಿಚಾರಿಸದೆ ಕೊಂಡರೆ, ಪೆಟ್ಟಿಗೆಯಲ್ಲಿ ಹೊತ್ತೊಯ್ದ ಯಂತ್ರವನ್ನು ಹಾಗೆಯೇ ಹೊತ್ತು ತರಬೇಕಾದೀತು. ಡಿನ್ ರೆಗ್ಯುಲೇಟರನ್ನು ನೊಗಕ್ಕೆ ಹೊಂದಿಸುವ ಜೋಡಣೆಯ ತುಂಡು ಸಿಗುತ್ತದೆ, ಅದನ್ನು ಜೊತೆಯಲ್ಲೇ ಕೊಳ್ಳುವುದು ಜಾಣತನ. ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು ಬಳಸುವ ಉದ್ದೇಶವಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಆಮ್ಲಜನಕ ಶೇಕಡಾ 40ನ್ನು ಮೀರಿದರೆ ಒಳಭಾಗಗಳನ್ನು ಎಣ್ಣೆಯ ಜಿಡ್ಡಿಲ್ಲದಂತೆ ವಿಶೇಷವಾಗಿ ಶುದ್ಧಗೊಳಿಸಿರಬೇಕು, ಇಲ್ಲವಾದರೆ ಬೆಂಕಿಯ ಅಪಾಯವುಂಟು.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದನ್ನು ಬಿಚ್ಚಿ ಜೋಡಿಸಬಲ್ಲ, ತಯಾರಕರಿಂದ ತರಬೇತಿ ಪಡೆದ ತಂತ್ರಜ್ಞ ನಮ್ಮ ಊರಿನಲ್ಲಿ, ಅಥವಾ ನಾವು ಹೋಗಿಬರುವ ಊರಿನಲ್ಲಿ ಇದ್ದಾನೆಯೇ? ಬಿಡಿಭಾಗಗಳು ಸಿಗುತ್ತವೆಯೇ? ವರ್ಷಕ್ಕೊಮ್ಮೆ, ಅಥವಾ ತಯಾರಕರು ಹೇಳಿದ ಅವಧಿಗೆ, ಒಳಗಿನ ರಬ್ಬರಿನ ಉಂಗುರಗಳನ್ನೂ ಕವಾಟದ ಮೆತ್ತೆಗಳನ್ನೂ ಬದಲಿಸಬೇಕಾಗುತ್ತದೆ. ಪುಣೆಯಲ್ಲಿರುವವರು ಪ್ರತಿ ಸಲವೂ ಸಿಂಗಪುರಕ್ಕೆ ಕಳಿಸಿ ತರಿಸಿಕೊಳ್ಳಬೇಕಾದ ಯಂತ್ರ ಕ್ರಮೇಣ ರಿಪೇರಿಯಿಲ್ಲದೆಯೇ ನೀರಿಗಿಳಿಯುತ್ತದೆ. 0.8 ಜೂಲಿನ ಯಂತ್ರ ಮೂರು ವರ್ಷ ಬಿಚ್ಚದೆ ಉಳಿದರೆ ಅದು 0.8 ಜೂಲಿನದಾಗಿ ಉಳಿದಿರುವುದಿಲ್ಲ. ಹತ್ತಿರದಲ್ಲಿ ದುರಸ್ತಿಯಾಗುವ ಮಧ್ಯಮ ಬೆಲೆಯ ಸಮತೋಲಿತ ಯಂತ್ರವನ್ನೇ ಈ ಲೇಖಕ ಆರಿಸುತ್ತಾನೆ.

ಇನ್ನೊಬ್ಬರು ಬಳಸಿದ ಯಂತ್ರವನ್ನು ಕೊಳ್ಳುವುದಾದರೆ ಮೊದಲ ಹಂತದ ಬಾಯಿಯಲ್ಲಿರುವ ಲೋಹದ ಜಾಲರಿಯನ್ನು ಬೆಳಕಿನಲ್ಲಿ ಹಿಡಿದು ನೋಡಬೇಕು. ಅಲ್ಲಿ ಹಸಿರು ಕಿಲುಬು ಕಂಡರೆ ಒಳಗೆ ಉಪ್ಪುನೀರು ಹೊಕ್ಕಿದೆ. ಕೊಳವೆಯನ್ನು ಬಾಗಿಸಿದಾಗ ಲೋಹ ಸೇರುವ ಕಡೆ ಬಿರುಕು ಕಂಡರೆ ಕೊಳವೆ ಬದಲಾಗಬೇಕು.

ಕೊಂಡ ನಂತರ

ಪ್ರತಿ ಸಲ ಸಮುದ್ರದಿಂದ ಬಂದ ಮೇಲೆ ರೆಗ್ಯುಲೇಟರನ್ನು ಸಿಹಿನೀರಿನಲ್ಲಿ ನೆನೆಸಿಡಬೇಕು. ಅದಕ್ಕೆ ಮೊದಲು ಮೊದಲ ಹಂತದ ಮುಚ್ಚಳವನ್ನು ಒಣಗಿಸಿ ಬಿಗಿಯಬೇಕು. ಮುಚ್ಚಳದಲ್ಲಿ ಉಳಿದ ಒಂದು ಹನಿ ಉಪ್ಪುನೀರೂ ನೇರವಾಗಿ ಜಾಲರಿಗೇ ಇಳಿಯುತ್ತದೆ. ನೀರಿನಲ್ಲಿ ನೆನೆಯುತ್ತಿರುವಾಗ ಎರಡನೆಯ ಹಂತದ ಗುಂಡಿಯನ್ನು ಒತ್ತಲೇಬಾರದು. ಒತ್ತಿದರೆ ಕವಾಟ ತೆರೆದು ಕೊಳವೆಯ ಮೂಲಕ ನೀರು ಮೊದಲ ಹಂತಕ್ಕೆ ಹಿಮ್ಮುಖವಾಗಿ ಹೋಗುತ್ತದೆ. ಒಳ್ಳೆಯ ಯಂತ್ರಗಳು ಆಳ ಸಮುದ್ರಕ್ಕಿಂತ ಹೆಚ್ಚಾಗಿ ಬಚ್ಚಲಿನ ಬಕೆಟ್ಟಿನಲ್ಲೇ ಕೆಡುತ್ತವೆ ಎಂದರೆ ಅತಿಶಯೋಕ್ತಿ ಇರಬಹುದು, ಸುಳ್ಳಲ್ಲ. ತೊಳೆದ ಮೇಲೆ ನೆರಳಿನಲ್ಲಿ ಒಣಗಿಸಿ, ಕೊಳವೆಗಳನ್ನು ಮುರಿಯದಂತೆ ಅಗಲವಾಗಿ ಸುತ್ತಿಡಬೇಕು.

ನೀರಿಗಿಳಿಯುವ ಮುನ್ನ ಮೂರು ಪರೀಕ್ಷೆಗಳನ್ನು ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳಬಹುದು. ಸಿಲಿಂಡರನ್ನು ತೆರೆಯುವ ಮೊದಲು ಎರಡನೆಯ ಹಂತವನ್ನು ಬಾಯಿಗಿಟ್ಟು ಉಸಿರೆಳೆಯಬೇಕು. ಏನೂ ಬರಬಾರದು. ಗಾಳಿ ನುಸುಳಿ ಬಂದರೆ ಪೊರೆ ಹರಿದಿದೆ, ಅಥವಾ ಹೊರತೆರೆ ಮಡಿಚಿಕೊಂಡಿದೆ, ಇಲ್ಲವೇ ಕಚ್ಚುವ ರಬ್ಬರಿನಲ್ಲಿ ತೂತಿದೆ. ನೀರಿನಲ್ಲಿ ಅದೇ ದಾರಿಯಿಂದ ನೀರು ಬರುತ್ತದೆ. ಅನಂತರ ಸಿಲಿಂಡರನ್ನು ಪೂರ್ತಿ ತೆರೆದು, ಒತ್ತಡದ ಮಾಪಕದ ಮುಳ್ಳನ್ನು ನೋಡುತ್ತ ನಾಲ್ಕಾರು ದೀರ್ಘ ಉಸಿರುಗಳನ್ನು ಎಳೆಯಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮತ್ತೆ ಏರುತ್ತಿದ್ದರೆ ಸಿಲಿಂಡರಿನ ಕವಾಟ ಅರ್ಧವೇ ತೆರೆದಿದೆ, ಅಥವಾ ಜಾಲರಿ ಕಟ್ಟಿಕೊಂಡಿದೆ. ದೋಣಿಯ ಮೇಲೆ ಆ ಅರ್ಧ ತೆರೆದ ಕವಾಟದಿಂದಲೂ ಉಸಿರು ಸಲೀಸಾಗಿ ಬರುತ್ತದೆ. ಇಪ್ಪತ್ತು ಮೀಟರ್ ಇಳಿದ ಮೇಲೆ ಬರುವುದಿಲ್ಲ. ಕೊನೆಗೆ ಯಂತ್ರವನ್ನು ಒತ್ತಡದಲ್ಲೇ ಐದು ನಿಮಿಷ ಸುಮ್ಮನೆ ಬಿಟ್ಟು ಕಿವಿಗೊಡಬೇಕು. ಮೊದಲು ಸದ್ದಿಲ್ಲದೆ ಇದ್ದು, ಬಳಿಕ ಎರಡನೆಯ ಹಂತ ಮೆಲ್ಲನೆ ಬುಸುಗುಡಲು ಆರಂಭಿಸಿದರೆ ಮೊದಲ ಹಂತದ ಮೆತ್ತೆ ಸವೆದು ಮಧ್ಯಂತರ ಒತ್ತಡ ಏರುತ್ತಿದೆ ಎಂದು ತಿಳಿಯಬೇಕು. ಅಂದಿನ ಮುಳುಗು ಬೇರೆ ರೆಗ್ಯುಲೇಟರಿನೊಡನೆ. ಇದು ತಂತ್ರಜ್ಞನ ಬಳಿಗೆ.